ಹೆಬ್ರಿ ಕಾಡಿನ ಜಲಪಾತಕ್ಕೆ ಮನೆಮಂದಿಯೆಲ್ಲ ಹೋಗಬಹುದೇ? ಯಾವಾಗ, ಹೇಗೆ?

ಪ್ರಶ್ನೆ: ನಾವು ಬ್ರಹ್ಮಾವರದವರು. ಮನೆಯಲ್ಲಿ ನಾನು, ಗಂಡ, 12 ವರ್ಷದ ಮಗಳು, 64 ವರ್ಷದ ಮಾವ. ಜೊತೆಗೆ ನನ್ನ ತಮ್ಮ ಮತ್ತು ಅವನ ಇಬ್ಬರು ಗೆಳೆಯರು ಬರುತ್ತಾರೆ. ಗಲಾಟೆ ಇಲ್ಲದ, ಕಾಡಿನೊಳಗೆ ನಡೆದು ಹೋಗುವಂಥ ಜಲಪಾತ ನೋಡಬೇಕು ಅಂತ ಬಹಳ ದಿನದ ಆಸೆ. ಹೆಬ್ರಿ ಕಾಡಿನ ಕೂಡ್ಲು ತೀರ್ಥ ಜಲಪಾತ ಅಂದುಕೊಂಡಿದ್ದೇವೆ. ತಮ್ಮ ಮ್ಯಾಪ್‌ನಲ್ಲಿ ಅದೇ ಕಾಡಿನ ಹೆಸರಿಲ್ಲದ ಇನ್ನೊಂದು ಜಲಪಾತ ಹುಡುಕಿ ಇಟ್ಟಿದ್ದಾನೆ. ಆಗಸ್ಟ್‌ನಲ್ಲಿ ಎಲ್ಲರಿಗೂ ರಜೆ ಹೊಂದುತ್ತದೆ, ನೀರೂ ಜಾಸ್ತಿ ಇರುತ್ತದೆ. ಆಗ ಹೋಗಬಹುದೇ? ಗೈಡ್ ಬೇಕೇ? ಮಗಳಿಗೆ ಈಜು ಬರುತ್ತದೆ, ನೀರಿಗೆ ಇಳಿಸಬಹುದೇ? ಮಾವನಿಗೆ ಸ್ವಲ್ಪ ಮೊಣಕಾಲು ನೋವಿದೆ.

ಉತ್ತರ: ಖಂಡಿತ ಹೋಗಿ. ಆದರೆ ಆಗಸ್ಟ್ ಬೇಡ. ನವೆಂಬರ್ ಎರಡನೇ ವಾರ ಕಳೆದ ಮೇಲೆ, ವಾರದ ನಡುವಿನ ಒಂದು ದಿನ ನೋಡಿ ಹೊರಡಿ. ಎಲ್ಲಿಗೆ ಹೋಗುತ್ತೀರಿ ಅನ್ನುವುದಕ್ಕಿಂತ ಯಾವ ತಿಂಗಳು, ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದು ನಮ್ಮ ಘಟ್ಟದ ಜಲಪಾತಗಳ ವಿಷಯದಲ್ಲಿ ಮುಖ್ಯ. ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ಕೂಡ್ಲು ತೀರ್ಥದಲ್ಲಿ ಬೀಳುವುದು ಸೀತಾ ನದಿಯ ನೀರು. ನೀವು ಕುಂದಾಪುರಕ್ಕೆ ಹೋಗುವಾಗ ಮಾಬುಕಳ ಸೇತುವೆ ಮೇಲಿಂದ ನೋಡುತ್ತೀರಲ್ಲ, ಅದೇ ಹೊಳೆ. ನಿಮ್ಮೂರ ಹತ್ತಿರ ಅದು ಅಗಲವಾಗಿ, ನಿಧಾನಕ್ಕೆ ಹರಿದು, ಸ್ವರ್ಣಾ ನದಿಯ ಜೊತೆ ಸೇರಿ ಕೋಡಿ ಬೆಂಗ್ರೆ ಹತ್ತಿರ ಸಮುದ್ರ ಸೇರುತ್ತದೆ. ಅದು ಹುಟ್ಟುವುದು ಆಗುಂಬೆ ಸೀಮೆಯ ಬೆಟ್ಟಗಳಲ್ಲಿ. ಆಗುಂಬೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಮೇಲೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಸೋಮೇಶ್ವರದಿಂದ ಆಗುಂಬೆಗೆ ಬಸ್ಸು 14 ತಿರುವು ಸುತ್ತಿ ಏದುಸಿರು ಬಿಡುತ್ತಾ ಹತ್ತುತ್ತದೆ. ನೀರಿಗೆ ಆ ತಿರುವುಗಳಿಲ್ಲ. ಅದು ನೇರ ಇಳಿದು ಬರುತ್ತದೆ.

ಇದರಿಂದ ಆಗುವುದೇನು? ಜಲಪಾತದ ಬುಡದಲ್ಲಿ ನೀವು ನಿಂತಾಗ ತಲೆಯ ಮೇಲೆ ಬಿಸಿಲಿರಬಹುದು. ಮಳೆ ಬೀಳುತ್ತಿರುವುದು ಮೇಲೆ, ನಿಮಗೆ ಕಾಣದ ಕಾಡಿನಲ್ಲಿ. ಒಂದು ಚದರ ಕಿ.ಮೀ. ಜಾಗದ ಮೇಲೆ 50 ಮಿ.ಮೀ. ಮಳೆ ಸುರಿದರೆ ಅದು 5 ಕೋಟಿ ಲೀಟರ್ ನೀರು. 10,000 ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 5,000 ಟ್ಯಾಂಕರ್. ಬೇಸಿಗೆ ಮುಗಿದು ಮೊದಲ ಮಳೆ ಬಂದಾಗ ಒಣಗಿದ ಮಣ್ಣು ಅದರಲ್ಲಿ ಬಹಳಷ್ಟನ್ನು ಕುಡಿದುಬಿಡುತ್ತದೆ. ಆಗಸ್ಟ್ ಹೊತ್ತಿಗೆ ಮಣ್ಣಿನ ಹೊಟ್ಟೆ ತುಂಬಿರುತ್ತದೆ. ಬಿದ್ದ ಮಳೆಯಲ್ಲಿ ಬಹಳಷ್ಟು ಹಾಗೇ ತೊರೆಗೆ ಇಳಿಯುತ್ತದೆ. ಅದಕ್ಕೇ ಜುಲೈ, ಆಗಸ್ಟ್‌ನಲ್ಲಿ ಒಂದು ಗಂಟೆಯ ಜೋರು ಮಳೆ ಸಾಕು, ಮೊಣಕಾಲಷ್ಟಿದ್ದ ತೊರೆ ಸೊಂಟಕ್ಕೆ ಬರಲು. ಕಾಡಿನೊಳಗೆ ಇದರ ಕಷ್ಟ ಎರಡು ಪಟ್ಟು. ಹೋಗುವಾಗ ಆರಾಮಾಗಿ ದಾಟಿದ ತೊರೆ ವಾಪಸ್ ಬರುವಾಗ ದಾಟಲು ಬಿಡುವುದಿಲ್ಲ. ಆಚೆ ದಡದಲ್ಲೇ ಉಳಿಯಬೇಕಾಗುತ್ತದೆ. ಕತ್ತಲಾಗುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ.

ನೆರೆ ಬರುವ ಮುಂಚೆ ತೊರೆ ಸುಳಿವು ಕೊಡುತ್ತದೆ. ಅದನ್ನು ನಿಮ್ಮ ಗುಂಪಿನ ಪ್ರತಿಯೊಬ್ಬರೂ, ಮಗಳೂ ಸೇರಿ, ಕಲಿತಿರಬೇಕು. ನೀರಿನ ಬಳಿ ಹೋದ ಕೂಡಲೇ ಮೊದಲು ಒಂದು ಕೆಲಸ ಮಾಡಿ. ನೀರು ದಡ ಮುಟ್ಟುವ ಅಂಚಿನಲ್ಲೇ, ಬಂಡೆಯ ಮೇಲೆ, ಮುಷ್ಟಿಯಷ್ಟು ದೊಡ್ಡ ಒಂದು ಕಲ್ಲು ಇಡಿ. ಕಲ್ಲಿನ ಅರ್ಧ ಒಣಗಿರಲಿ. ಅದನ್ನು ನೋಡುವ ಜವಾಬ್ದಾರಿ ಮಗಳಿಗೇ ಕೊಡಿ, ಮಕ್ಕಳು ಇಂಥ ಕೆಲಸ ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಐದೈದು ನಿಮಿಷಕ್ಕೆ ಒಮ್ಮೆ ನೋಡಿದರೆ ಸಾಕು. ಕಲ್ಲು ಪೂರ್ತಿ ಒದ್ದೆಯಾದರೆ ನೀರು ಏರುತ್ತಿದೆ ಅಂತ ಅರ್ಥ. ಜೊತೆಗೆ ನೀರಿನ ಬಣ್ಣ ನೋಡಿ. ನವೆಂಬರ್‌ನ ತೊರೆಯಲ್ಲಿ ತಳದ ಬೆಣಚುಕಲ್ಲು ಒಂದೊಂದೂ ಎಣಿಸುವ ಹಾಗೆ ಕಾಣುತ್ತದೆ. ಮೇಲೆ ಮಳೆಯಾದರೆ ಮೊದಲು ನೀರಿನ ಅಂಚಿನಲ್ಲಿ ತೆಳುವಾಗಿ ಮಣ್ಣಿನ ಬಣ್ಣ ಬರುತ್ತದೆ. ಆಮೇಲೆ ಒಣ ಎಲೆ, ಕಡ್ಡಿ, ತೊಗಟೆ ಚೂರು ತೇಲಿ ಬರಲು ಶುರುವಾಗುತ್ತದೆ. ಅಲ್ಲಿವರೆಗೆ ಬಂಡೆಯ ಸಂದಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕಸ ಅದು. ನೀರು ಅದನ್ನು ಎತ್ತಿದೆ ಅಂದರೆ ಆಗಲೇ ಏರಿದೆ. ಸದ್ದು ಕೂಡ ಬದಲಾಗುತ್ತದೆ, ಸಣ್ಣ ಸದ್ದುಗಳು ಮುಳುಗಿ ಒಂದೇ ದಪ್ಪ ಸದ್ದು ಕೇಳುತ್ತದೆ. ಈ ಸುಳಿವುಗಳಲ್ಲಿ ಒಂದು ಕಂಡರೂ ಚೀಲ, ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ. ಹೊಳೆಯ ಉದ್ದಕ್ಕೆ ಓಡದೆ, ಪಕ್ಕದ ಎತ್ತರಕ್ಕೆ ಹತ್ತಿ. ನೆರೆ ಇಳಿಯುವ ತನಕ ಅಲ್ಲೇ ಕಾಯಿರಿ. ಘಟ್ಟದ ಸಣ್ಣ ತೊರೆ ಬೇಗ ಇಳಿಯುತ್ತದೆ, ಮಳೆ ನಿಂತು ಕೆಲವು ಗಂಟೆಯಲ್ಲಿ ದಾಟುವ ಹಾಗಾಗುವುದುಂಟು.

ಮಳೆಗಾಲದ ಇನ್ನೊಂದು ಅಪಾಯ ಬಂಡೆಯ ಮೇಲಿನ ಹಾವಸೆ. ನೀರು ಸಿಡಿಯುವ ಕಡೆಯೆಲ್ಲ ಅದು ಬೆಳೆದಿರುತ್ತದೆ. ಒದ್ದೆಯಾದರೆ ಎಷ್ಟು ಒಳ್ಳೆಯ ಶೂ ಇದ್ದರೂ ಹಿಡಿತ ಸಿಗುವುದಿಲ್ಲ. 2023ರ ಜುಲೈಯಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ, ಬಂಡೆಯ ಮೇಲೆ ನಿಂತು ವಿಡಿಯೋ ಮಾಡಿಸಿಕೊಳ್ಳುತ್ತಿದ್ದ ಯುವಕನೊಬ್ಬ ಜಾರಿ ನೀರುಪಾಲಾದ. ಮೃತದೇಹ ಸಿಗಲು ದಿನಗಳೇ ಹಿಡಿದವು. ಆ ವಿಡಿಯೋ ಅನೇಕರು ನೋಡಿರುತ್ತೀರಿ. ಅವನು ಯಾವ ಸಾಹಸವನ್ನೂ ಮಾಡುತ್ತಿರಲಿಲ್ಲ, ಸುಮ್ನೆ ನಿಂತಿದ್ದ. ಮಳೆಗಾಲದಲ್ಲಿ ಅರಣ್ಯ ಇಲಾಖೆ ಕೂಡ್ಲುವಿನಂಥ ಜಾಗಗಳಿಗೆ ಪ್ರವೇಶ ನಿಲ್ಲಿಸುವುದು ಇದಕ್ಕೇ. ಗೇಟು ಮುಚ್ಚಿದ್ದರೆ ಪಕ್ಕದ ದಾರಿ ಹುಡುಕುವುದು ಬೇಡ. ತಮ್ಮನಿಗೂ ಅವನ ಗೆಳೆಯರಿಗೂ ಇದನ್ನು ನೀವೇ ಕೂರಿಸಿಕೊಂಡು ಹೇಳಿ. ಗುಂಪಿನಲ್ಲಿ ಹುಡುಗರಿದ್ದಾಗ ಒಬ್ಬರು ಹಿರಿಯರು ಗಟ್ಟಿಯಾಗಿ ಬೇಡ ಅಂದರೆ ಉಳಿದವರಿಗೂ ಬೇಡ ಅನ್ನಲು ಧೈರ್ಯ ಬರುತ್ತದೆ.

ಆಗಸ್ಟ್‌ನ ರಜೆ ಹಾಳಾಯಿತು ಅಂದುಕೊಳ್ಳಬೇಡಿ. ಆ ರಜೆಯಲ್ಲಿ ಬಸ್ಸಿನಲ್ಲಿ ಕೂತು ಆಗುಂಬೆ ಘಾಟಿ ಹತ್ತಿ ಬನ್ನಿ. ಕಿಟಕಿ ಪಕ್ಕದಲ್ಲೇ ನೀರು ಧುಮುಕುತ್ತಿರುತ್ತದೆ, ಮಂಜು ಒಳಗೇ ಬರುತ್ತದೆ. ಮಳೆಗಾಲದ ಘಟ್ಟವನ್ನು ನೋಡಲು ಮನೆಮಂದಿಗೆಲ್ಲ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸೆಪ್ಟೆಂಬರ್ ಯಾಕೆ ಬೇಡ, ಅಕ್ಟೋಬರ್ ಯಾಕೆ ಬೇಡ ಅಂತ ಕೇಳಬಹುದು. ಸೆಪ್ಟೆಂಬರ್‌ನಲ್ಲಿ ಮಳೆ ಇನ್ನೂ ಮುಗಿದಿರುವುದಿಲ್ಲ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಚೊಕ್ಕ ಬಿಸಿಲು ಇರುತ್ತದೆ, ಮಧ್ಯಾಹ್ನ ಮೂರರ ಮೇಲೆ ಗುಡುಗು, ಸಿಡಿಲು, ಒಂದು ಗಂಟೆಯ ಧಾರಾಕಾರ ಮಳೆ. ಮೋಸ ಹೋಗುವುದು ಜಾಸ್ತಿ ಈ ತಿಂಗಳಲ್ಲೇ, ಯಾಕೆಂದರೆ ಬೆಳಗಿನ ಆಕಾಶ ನೋಡಿ ಹೊರಟಿರುತ್ತಾರೆ. ನವೆಂಬರ್ ನಡುವಿನ ಹೊತ್ತಿಗೆ ಈ ಗುಡುಗು ಮಳೆ ಕಡಿಮೆಯಾಗುತ್ತದೆ. ತೊರೆಯಲ್ಲಿ ನೀರು ಇನ್ನೂ ಚೆನ್ನಾಗಿರುತ್ತದೆ, ದಾರಿ ಒಣಗಿರುತ್ತದೆ, ಉಂಬಳದ (ಕಾಡಿನ ಜಿಗಣೆಯ) ಕಾಟ ಇಳಿದಿರುತ್ತದೆ. ಡಿಸೆಂಬರ್ ಕೊನೆ, ಜನವರಿ ಮೊದಲಿಗೂ ಹೋಗಬಹುದು. ಆದರೆ ಆಗ ಉಣ್ಣಿಯ ಕಾಲ ಶುರುವಾಗಿರುತ್ತದೆ, ಅದರ ವಿಷಯ ಕೊನೆಗೆ ಹೇಳುತ್ತೇನೆ. ಫೆಬ್ರವರಿ ಕಳೆದರೆ ಬಹಳಷ್ಟು ಜಲಪಾತಗಳು ಸೊರಗುತ್ತವೆ. ಬೆಳ್ತಂಗಡಿ ಕಡೆಯ ಬಂಡಾಜೆ ಅರ್ಬಿಯಂಥವು ಬೇಸಿಗೆಯಲ್ಲಿ ಒಣಗಿಯೇ ಹೋಗುತ್ತವೆ.

ನವೆಂಬರ್‌ನಲ್ಲೂ ಸಮುದ್ರದಲ್ಲಿ ವಾಯುಭಾರ ಕುಸಿತವಾದರೆ ಎರಡು ಮೂರು ದಿನ ಮಳೆ ಹಿಡಿಯಬಹುದು. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಇಲ್ಲಿ ಒಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಉಡುಪಿ ಜಿಲ್ಲೆಯ ಅಲರ್ಟ್ ಮಾತ್ರ ನೋಡಿದರೆ ಸಾಲದು. ಆಗುಂಬೆ ಇರುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಆದ್ದರಿಂದ ಸೀತಾ ನದಿಗೆ ಹೋಗುವವರು ಶಿವಮೊಗ್ಗ, ಚಿಕ್ಕಮಗಳೂರಿನ ಮುನ್ಸೂಚನೆಯನ್ನೂ ನೋಡಬೇಕು. ಹಾಗೇ ಬೆಳ್ತಂಗಡಿ ಕಡೆಯ ಜಲಪಾತಕ್ಕೆ ಹೋಗುವ ಮಂಗಳೂರಿನವರು ಚಿಕ್ಕಮಗಳೂರು ಜಿಲ್ಲೆಯದನ್ನು ನೋಡಬೇಕು, ಅಲ್ಲಿನ ನೀರು ಮೂಡಿಗೆರೆ ಕಡೆಯ ಬೆಟ್ಟದ ನೆತ್ತಿಯಿಂದ ಇಳಿಯುತ್ತದೆ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಇಲಾಖೆ ಅದನ್ನು ಭಾರಿ ಮಳೆ ಅನ್ನುತ್ತದೆ, 115.6 ಮುಟ್ಟಿದರೆ ಅತಿ ಭಾರಿ. ಈ ಜಿಲ್ಲೆಗಳಲ್ಲಿ ಯಾವುದಕ್ಕೇ ಭಾರಿ ಮಳೆಯ ಸೂಚನೆ ಇದ್ದರೂ ದಿನ ಮುಂದೆ ಹಾಕಿ. ಜಲಪಾತ ಎಲ್ಲಿಗೂ ಹೋಗುವುದಿಲ್ಲ.

ಇನ್ನು ತಮ್ಮ ಹುಡುಕಿದ ಹೆಸರಿಲ್ಲದ ಜಲಪಾತ. ಅದು ಬೇಡ, ಇದರಲ್ಲಿ ಎರಡು ಮಾತಿಲ್ಲ. ಹೆಬ್ರಿಯ ಈ ಕಾಡಿನ ಬಹುಭಾಗ ಸೋಮೇಶ್ವರ ವನ್ಯಜೀವಿಧಾಮ. 1974ರಲ್ಲಿ ಘೋಷಣೆಯಾದದ್ದು. ಅದರ ಮೇಲಿನ ಅಂಚಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡುವುದು ಅಪರಾಧ. ಕಾನೂನಿನ ಮಾತು ಬದಿಗಿಟ್ಟರೂ, ಮ್ಯಾಪ್‌ನ ಚುಕ್ಕೆಯನ್ನು ನಂಬಿ ಘಟ್ಟದ ಕಾಡಿಗೆ ನುಗ್ಗುವುದು ಸರಿಯಲ್ಲ. ಚುಕ್ಕೆ ತೋರಿಸುವುದು ನೇರ ದೂರ. ನಡುವೆ ಕಂದಕ ಇದೆಯಾ, ಬೆತ್ತದ ಹಿಂಡು ಇದೆಯಾ, ಯಾರದೋ ಅಡಿಕೆ ತೋಟ ಇದೆಯಾ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಚುಕ್ಕೆ ಇಟ್ಟವರು ಜಲಪಾತದ ತಲೆಯಲ್ಲಿ ನಿಂತಿದ್ದರೋ ಬುಡದಲ್ಲೋ ಅಂತಲೂ ಗೊತ್ತಾಗುವುದಿಲ್ಲ. ತಲೆಯ ಭಾಗಕ್ಕೆ ಹೋಗಿ ಇಣುಕುವುದು ಇರುವ ಅಪಾಯಗಳಲ್ಲೆಲ್ಲ ದೊಡ್ಡದು. ನಿಮಗೆ ಬೇಕಿರುವುದು ಜನರಿಲ್ಲದ ಜಾಗ ಅಲ್ವಾ? ಅದಕ್ಕೆ ಹೊಸ ಜಲಪಾತ ಬೇಕಿಲ್ಲ. ಭಾನುವಾರ ಹನ್ನೊಂದಕ್ಕೆ ಕೂಡ್ಲುವಿನಲ್ಲಿ ಜಾತ್ರೆ. ಬುಧವಾರ ಬೆಳಿಗ್ಗೆ ಗೇಟು ತೆರೆದ ಕೂಡಲೇ ಹೋದರೆ ಅದೇ ಜಾಗದಲ್ಲಿ ನೀರಿನ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ.

ಅನುಮತಿ, ಶುಲ್ಕ, ಗೇಟಿನ ಹೊತ್ತು ಆಗಾಗ ಬದಲಾಗುತ್ತವೆ. ಹೆಬ್ರಿಯ ವನ್ಯಜೀವಿ ವಲಯ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಅರಣ್ಯ ಇಲಾಖೆಯ ಸಹಾಯವಾಣಿ 1926 ಕೂಡ ಇದೆ. ಚಾರಣದ ದಾರಿಗಳಿಗೆ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಈ ವ್ಯವಸ್ಥೆ ಬಿಗಿಯಾಯಿತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

ಗೈಡ್ ಬೇಕೇ ಅಂದರೆ, ನಿಮ್ಮ ಗುಂಪಿಗೆ ಬೇಕು. ಮಗು, ಹಿರಿಯರು ಇದ್ದಾರೆ, ಹುಡುಗರಿಗೆ ಆ ಕಾಡು ಹೊಸದು. ಉಡುಪಿಯಿಂದಲೋ ಬೆಂಗಳೂರಿನಿಂದಲೋ ಬರುವ ಗೈಡ್‌ಗಿಂತ ಆ ಊರಿನವರೇ ಆದರೆ ಒಳ್ಳೆಯದು. ನಾಡ್ಪಾಲು, ಸೋಮೇಶ್ವರ ಕಡೆಯ ಜನರಿಗೆ ಆ ಹೊಳೆಯ ಗುಣ ಚಿಕ್ಕಂದಿನಿಂದ ಗೊತ್ತು. ಗೇಟಿನ ಸಿಬ್ಬಂದಿಯನ್ನು ಕೇಳಿದರೆ ದಾರಿ ತೋರಿಸುವವರನ್ನು ಹೇಳುತ್ತಾರೆ. ಕೂಲಿ ಎಷ್ಟು ಅಂತ ಮೊದಲೇ ಮಾತಾಡಿ, ಚೌಕಾಸಿ ಮಾಡದೆ ಕೊಡಿ, ಅವರ ಒಂದು ದಿನದ ತೋಟದ ಕೆಲಸ ತಪ್ಪುತ್ತದೆ. ಹೊರಡುವ ಮುಂಚೆ ಅವರನ್ನು ಕೇಳಬೇಕಾದದ್ದು ಇಷ್ಟು. ನಿನ್ನೆ ಮೊನ್ನೆ ಮೇಲೆ ಮಳೆ ಬಂದಿತ್ತಾ? ದಾಟುವ ಜಾಗದಲ್ಲಿ ನೀರು ಎಷ್ಟಿದೆ, ಪಾದ ಮುಳುಗುವಷ್ಟಾ, ಮೊಣಕಾಲಾ? ಈ ವಾರ ದಾರಿಯಲ್ಲಿ ಮರ ಬಿದ್ದಿದೆಯಾ, ಕಾಡುಕೋಣ ಓಡಾಡಿದೆಯಾ? ಅವರು ಇವತ್ತು ಬೇಡ ಅಂದರೆ ಯಾಕೆ ಅಂತ ವಾದ ಮಾಡಬೇಡಿ, ವಾಪಸ್ ಬನ್ನಿ. ಕಾಲುಸಂಕದ ಮೇಲೆ ದಿನಾ ಓಡಾಡಿ ಬದುಕುವವರ ಅಂದಾಜು ನಮ್ಮ ಅಂದಾಜಿಗಿಂತ ದೊಡ್ಡದು.

ತೊರೆ ದಾಟುವಾಗ ದೊಡ್ಡವರ ಮೊಣಕಾಲಿಗಿಂತ ಮೇಲೆ ನೀರಿದ್ದರೆ ದಾಟಬೇಡಿ. ಮಗಳ ಮಟ್ಟಿಗೆ ಅದಕ್ಕಿಂತ ಕಡಿಮೆ. ಕಿರಿದಾದ ಜಾಗ ಸುಲಭ ಅನ್ನಿಸುತ್ತದೆ, ಆದರೆ ಅಲ್ಲಿ ನೀರು ಆಳವಾಗಿ, ರಭಸವಾಗಿ ಇರುತ್ತದೆ. ಅಗಲವಾಗಿ, ತೆಳುವಾಗಿ ಹರಿಯುವ ಕಡೆ ದಾಟಿ. ಮುಖ ನೀರು ಬರುವ ದಿಕ್ಕಿಗಿರಲಿ, ಕೈಯಲ್ಲಿ ಕೋಲಿರಲಿ, ಕಾಲು ಎತ್ತಿ ಹಾಕದೆ ಜಾರಿಸುತ್ತಾ ಸರಿಯಿರಿ. ಬೆನ್ನಿನ ಚೀಲದ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಚೀಲ ಕಳಚುವ ಹಾಗಿರಬೇಕು. ಮೈಗೆ ಹಗ್ಗ ಕಟ್ಟಿಕೊಳ್ಳಬೇಡಿ. ಜಲಪಾತದ ನೆತ್ತಿಯ ಹತ್ತಿರ, ಎಷ್ಟೇ ಕಡಿಮೆ ನೀರಿದ್ದರೂ, ದಾಟಲೇಬೇಡಿ.

ಈಗ ಮಗಳ ಈಜಿನ ಪ್ರಶ್ನೆ. ನಾನು ಇದನ್ನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕರಾವಳಿಯ ಮಕ್ಕಳು ಕೆರೆಯಲ್ಲೋ ಬಾವಿಯಲ್ಲೋ ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿಯುತ್ತಾರೆ, ಈಗ ಈಜುಕೊಳದಲ್ಲಿ ಕಲಿಯುತ್ತಾರೆ. ಅದೆಲ್ಲ ನಿಂತ ನೀರು. ಜಲಪಾತದ ಗುಂಡಿಯ ಲೆಕ್ಕ ಬೇರೆ. ಕೂಡ್ಲುವಿನಲ್ಲಿ ನೀರು 100 ಅಡಿಗೂ ಮೇಲಿಂದ ನೇರ ಗುಂಡಿಗೆ ಬೀಳುತ್ತದೆ. ಬಿದ್ದ ನೀರು ತಳಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಮೇಲೆ ಬಂದು, ಅದರ ಒಂದು ಭಾಗ ಮೇಲ್ಮೈಯಲ್ಲಿ ಮತ್ತೆ ಜಲಪಾತದ ಕಡೆಗೇ ಎಳೆಯುತ್ತದೆ. ಈಜುವವರಿಗೆ ತಾವು ಅತ್ತ ಸರಿಯುತ್ತಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಬುಡದ ಹತ್ತಿರ ನೀರು ಬಿಳಿಯಾಗಿ ಕಾಣುವುದು ಅದರಲ್ಲಿ ಗಾಳಿ ಗುಳ್ಳೆ ತುಂಬಿರುವುದರಿಂದ. ಗುಳ್ಳೆ ತುಂಬಿದ ನೀರು ಹಗುರ, ಅದು ಮನುಷ್ಯರ ಮೈಯನ್ನು ಸರಿಯಾಗಿ ತೇಲಿಸುವುದಿಲ್ಲ. ಚೆನ್ನಾಗಿ ಈಜುವವರೂ ಅಲ್ಲಿ ಕೈ ಬಡಿದಷ್ಟೂ ಕೆಳಗೇ ಹೋಗುತ್ತಾರೆ. ಜೊತೆಗೆ ಚಳಿ. ಬಿಸಿಲೇ ಕಾಣದ ನೀರದು. ನಡೆದು ಬೆವರಿದ ಮೈಯಲ್ಲಿ ಒಮ್ಮೆಲೇ ಇಳಿದರೆ ಉಸಿರು ಹಿಡಿದಂತಾಗುತ್ತದೆ, ಕಾಲಿನ ಮೀನಖಂಡ ಸೆಟೆದುಕೊಳ್ಳುತ್ತದೆ. ತಳವೂ ಸಮ ಇರುವುದಿಲ್ಲ. ಸೊಂಟದವರೆಗಿನ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳಾಳದ ಗುಂಡಿ ಇರಬಹುದು.

ಆದ್ದರಿಂದ ಗುಂಡಿಗೆ ಯಾರೂ ಇಳಿಯುವುದು ಬೇಡ, ತಮ್ಮನೂ ಸೇರಿ. ಅಲ್ಲಿನ ಬೋರ್ಡು, ಸಿಬ್ಬಂದಿ ಹೇಳಿದ್ದೇ ಕೊನೆ ಮಾತು. ಅವರು ಬಿಟ್ಟರೆ, ಗುಂಡಿಯಿಂದ ಸಾಕಷ್ಟು ಕೆಳಗೆ, ತಳ ಕಾಣುವ, ಪಾದ ಮುಳುಗುವಷ್ಟು ನೀರಿನಲ್ಲಿ ಕಾಲಾಡಿಸಿಕೊಂಡು ಕೂರಬಹುದು. ಮಗಳಿಗೆ ಅಲ್ಲೂ ಸಂತೋಷವೇ. ಹಾಗಿದ್ದರೂ ಒಂದು ಹಗ್ಗ, ಮುಚ್ಚಳ ಬಿಗಿಯಾದ ಒಂದು ಖಾಲಿ ಕ್ಯಾನ್ ಇಟ್ಟುಕೊಳ್ಳಿ. ಯಾರಾದರೂ ಜಾರಿದರೆ ಕ್ಯಾನ್‌ಗೆ ಹಗ್ಗ ಕಟ್ಟಿ ಎಸೆಯಬೇಕು, ಹಿಂದೆಯೇ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ನಮ್ಮ ಹೊಳೆಗಳಲ್ಲಿ ಪ್ರತಿ ವರ್ಷದ ಸುದ್ದಿ.

ಕೆಳಗಿನ ಆ ತೆಳು ನೀರಿನಲ್ಲಿ ಕೂತಾಗ ಮಗಳಿಗೆ ಒಂದು ಜೀವಿಯನ್ನು ತೋರಿಸಿ. ಒದ್ದೆ ಬಂಡೆಯ ಮೇಲೆ, ಹೆಬ್ಬೆರಳಿನ ಮೇಲ್ಗಣ್ಣಿನಷ್ಟು ದೊಡ್ಡ, ಕಂದು ಬಣ್ಣದ ಕಪ್ಪೆ. ಅಲುಗಾಡದಿದ್ದರೆ ಕಲ್ಲಿಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತರೆ ಅದು ಒಂದು ಹಿಂಗಾಲನ್ನು ಪಕ್ಕಕ್ಕೆ ಪೂರ್ತಿ ಚಾಚಿ, ಬೆರಳು ಅಗಲಿಸಿ, ನಡುವಿನ ಪೊರೆ ತೋರಿಸಿ, ಮತ್ತೆ ಮಡಚಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಕಾಲು. ಇದು ಕುಣಿಯುವ ಕಪ್ಪೆ. ನೀರಿನ ಸದ್ದಿನಲ್ಲಿ ಕೂಗು ಮಾತ್ರ ಸಾಲದು, ಅದಕ್ಕೆ ಗಂಡು ಕಾಲು ಬೀಸಿ ತಾನಿದ್ದೇನೆ ಅಂತ ತಿಳಿಸುತ್ತದೆ. ಪ್ರಪಂಚದಲ್ಲಿ ಈ ಕುಲದ ಕಪ್ಪೆಗಳು ಪಶ್ಚಿಮ ಘಟ್ಟದಲ್ಲಿ ಮಾತ್ರ ಇವೆ. 2014ರಲ್ಲಿ ಒಮ್ಮೆಗೇ 14 ಹೊಸ ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದರು. ಚಾರ್ಮಾಡಿ ಮೇಲಿನ ಕೊಟ್ಟಿಗೆಹಾರದ ಹೆಸರಿನದೂ ಒಂದು ಜಾತಿ ಇದೆ. ಮಳೆ ಇಳಿದು ತೊರೆ ಸಣ್ಣದಾದ ಮೇಲೆ ಇವುಗಳ ಸಂಸಾರ ಶುರು. ಹೆಣ್ಣು ತೊರೆಯ ತಳದ ಮರಳನ್ನು ಹಿಂಗಾಲಿನಿಂದ ಕೆದಕಿ, ಮೊಟ್ಟೆಯಿಟ್ಟು, ಬೆಣಚುಕಲ್ಲು ಮುಚ್ಚುತ್ತದೆ. ಅದಕ್ಕೇ ನಾನು ಜೊತೆಗೆ ಬಂದವರಿಗೆಲ್ಲ ಕೈಮುಗಿದು ಕೇಳುವುದು. ತೊರೆಯ ಕಲ್ಲುಗಳನ್ನು ಎತ್ತಿ ಒಂದರ ಮೇಲೊಂದು ಜೋಡಿಸಿ ಫೋಟೋ ತೆಗೆಯಬೇಡಿ, ಸೋಪು, ಶಾಂಪು ನೀರಿಗೆ ಹಾಕಬೇಡಿ. ನೀವು ಎತ್ತಿದ ಕಲ್ಲು ಯಾರದೋ ಮನೆಯ ಮಾಡು.

ನಡಿಗೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಚಪ್ಪಲಿ ಬೇಡ, ಗಂಬೂಟು ಬೇಡ, ಅದರೊಳಗೆ ನೀರು ತುಂಬಿದರೆ ಕಾಲೇ ಏಳುವುದಿಲ್ಲ. ತಳದಲ್ಲಿ ಆಳದ ಗೆರೆಗಳಿರುವ, ಒದ್ದೆಯಾದರೂ ಬೇಗ ನೀರಿಳಿಯುವ ಶೂ ಸಾಕು. ಉದ್ದ ಪ್ಯಾಂಟು, ಉದ್ದ ತೋಳಿನ ಅಂಗಿ. ಉಂಬಳ ಹತ್ತಿದರೆ ಬೆಂಕಿ ಕಡ್ಡಿ ಇಡಬೇಡಿ, ಉಗುರನ್ನು ಅದರ ಬಾಯಿಯ ಅಡಿಗೆ ತೂರಿಸಿ ಬಿಡಿಸಿದರೆ ಸಾಕು. ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ಅದು ರಸ ಬಿಟ್ಟಿರುತ್ತದೆ, ಹೆದರಬೇಡಿ. ಗೊತ್ತಿಲ್ಲದ ಮರಕ್ಕೆ ಒರಗಬೇಡಿ, ಚೇರೆ ಮರದ ಸೊನೆ ತಾಗಿದರೆ ಮೈ ಊದಿಕೊಳ್ಳುತ್ತದೆ. ಬೆಳಿಗ್ಗೆ ಆರಕ್ಕೆ ಬ್ರಹ್ಮಾವರ ಬಿಡಿ, ಮಧ್ಯಾಹ್ನ ಎರಡರ ಒಳಗೆ ವಾಪಸ್ ಗೇಟಿಗೆ ಬಂದುಬಿಡಿ. ನವೆಂಬರ್‌ನಲ್ಲಿ ಕಾಡಿನೊಳಗೆ ಐದೂವರೆಗೇ ಕತ್ತಲು. ಊಟಕ್ಕೆ ಬಾಳೆಎಲೆಯಲ್ಲಿ ಕಟ್ಟಿದ ಅವಲಕ್ಕಿ, ಬನ್ಸ್, ಬಾಳೆಹಣ್ಣು, ಬಾಟಲಿಯಲ್ಲಿ ಪುನರ್ಪುಳಿ ಶರಬತ್ತು. ಪ್ಲಾಸ್ಟಿಕ್ ಒಂದೂ ಒಳಗೆ ಬಿಡಬೇಡಿ. ಬಿಸಿ ಗೋಳಿಬಜೆ ಹೆಬ್ರಿಯಲ್ಲಿ ವಾಪಸ್ ಬರುವಾಗ ತಿನ್ನಬಹುದು.

ಹಾವಿನ ಹೆದರಿಕೆ ಎಲ್ಲರಿಗೂ ಇರುತ್ತದೆ. ದಾರಿ ನೋಡಿ ಕಾಲಿಟ್ಟರೆ, ಬಂಡೆಯ ಸಂದಿಗೆ ಕೈ ಹಾಕದಿದ್ದರೆ ಕಚ್ಚುವ ಸಂಭವ ಬಹಳ ಕಡಿಮೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗಾಡದ ಹಾಗೆ ಕೋಲು ಕಟ್ಟಿ, ಹೊತ್ತುಕೊಂಡು ರಸ್ತೆಗೆ ತಂದು, 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಸಿಗುವ ವಿಷಪ್ರತಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆ ಮಾತ್ರ. ಘಟ್ಟದ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಆದ್ದರಿಂದ ಎಲ್ಲ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು, ಅಲ್ಲಿಂದ ಮಣಿಪಾಲ ಹತ್ತಿರ.

ಮಾವನ ವಿಷಯ. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಜಲಪಾತಕ್ಕೆ ಹೋಗಿಬರುವಾಗ ಎಲ್ಲಾದರೂ ಇಳಿಯಲೇಬೇಕು. ಈಗ ಸೆಪ್ಟೆಂಬರ್‌ವರೆಗೆ ಅವರು ದಿನಾ ಒಂದು ಗಂಟೆ ನಡೆದು, ಮೆಟ್ಟಿಲು ಇಳಿದರೂ ನೋವು ಬರದಿದ್ದರೆ ಎರಡು ಕೋಲು ಕೊಟ್ಟು ಕರೆದುಕೊಂಡು ಹೋಗಿ, ಗುಂಪಿನ ವೇಗ ಅವರದ್ದೇ ಇರಲಿ. ನೋವು ಬಂದರೆ ಎಲ್ಲರೂ ಸೇರಿ ಹನುಮನಗುಂಡಿ ಜಲಪಾತಕ್ಕೆ ಹೋಗಿ. ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿದೆ. ರಸ್ತೆಯಿಂದ ಕೆಳಗೆ ಮೆಟ್ಟಿಲುಗಳಿವೆ, ಅವರು ಅರ್ಧ ಇಳಿದು ಕೂತರೂ ನೀರಿನ ಸದ್ದು ಕೇಳುತ್ತದೆ. ಒಬ್ಬರನ್ನೇ ಗಾಡಿಯಲ್ಲಿ ಕೂರಿಸಿ ಉಳಿದವರು ಹೋಗುವುದು ಮಾತ್ರ ಬೇಡ. ಕಾದು ಕೂತವರ ದಿನವೂ ಹಾಳು, ಹೋದವರ ಮನಸ್ಸೂ ಅಲ್ಲಿರುವುದಿಲ್ಲ.

ಕೊನೆಗೆ ಉಣ್ಣಿ. ಮಂಗನ ಕಾಯಿಲೆ ಹರಡುವುದು ಇದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ, 1980ರ ದಶಕದಲ್ಲಿ ಬೆಳ್ತಂಗಡಿ ತಾಲ್ಲೂಕಿಗೂ ಬಂದಿತ್ತು. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ನವೆಂಬರ್ ಕೊನೆಗೇ ಹೋದರೂ ಜಾಗ್ರತೆ ಇರಲಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಎಲೆರಾಶಿಯ ಮೇಲೆ ಕೂರಬೇಡಿ, ಮಲಗಬೇಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ವಾಪಸ್ ಬಂದು ಗೇಟಿನಲ್ಲಿ ತಿಳಿಸಿ. ಹೊರಡುವ ಮುಂಚೆ ಹೆಬ್ರಿಯ ಸರಕಾರಿ ಆಸ್ಪತ್ರೆಯಲ್ಲಿ ಉಣ್ಣಿ ಹತ್ತದ ಹಾಗೆ ಮೈಗೆ ಹಚ್ಚುವ ಡೀಪಾ ಎಣ್ಣೆ ಇದೆಯಾ ಅಂತ ಕೇಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಗಳ ಕಿವಿ ಹಿಂದೆ, ಕಂಕುಳು, ಮೊಣಕಾಲಿನ ಹಿಂದೆ, ತಲೆಗೂದಲ ಬುಡ ನೋಡಿ. ಮರಿ ಉಣ್ಣಿ ಎಳ್ಳಿಗಿಂತ ಸಣ್ಣದು. ಕಚ್ಚಿದ್ದು ಕಂಡರೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸಾಮಾನ್ಯವಾಗಿ ಮೂರರಿಂದ ಎಂಟು ದಿನದಲ್ಲಿ ಲಕ್ಷಣ ಶುರುವಾಗುತ್ತದೆ. ಹೋಗಿಬಂದ ಎರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯಬೇಡಿ. ಡಾಕ್ಟರ ಬಳಿ ಹೋಗಿ, ಹೆಬ್ರಿ ಕಾಡಿಗೆ ಹೋಗಿದ್ದೆವು ಅಂತ ಅವರು ಕೇಳುವ ಮುಂಚೆಯೇ ಹೇಳಿ.